ಹಸಿರು ಕೊಡೆಯ ಸೆರ್ವಾಂದೊ

ಆ ಫಿರಂಗಿಯ ಬಗ್ಗೆ ಚಾನೊ ಹೇಳುವುದೆಲ್ಲ ಶುದ್ಧ ಸುಳ್ಳು. ನಮ್ಮ ಕಾದಿಸ್ ಊರಿನ ಹಳೆಯ ಬೀದಿಗಳ ಮೂಲೆಗಳಲ್ಲಿ ಫಿರಂಗಿಗಳನ್ನು ನೆಟ್ಟಗೆ ಹೂತು ನಿಲ್ಲಿಸಿರುವುದು ಗಾಡಿಯ ಚಕ್ರ ಮನೆಯ ಗೋಡೆಗೆ ಉಜ್ಜದಿರಲಿ ಎಂದು. ಕೆಲಸಕ್ಕೆ ಬಾರದ ಹಳೆಯ ಕಬ್ಬಿಣ, ಅದಕ್ಕೊಂದು ಉಪಯೋಗ, ಅಷ್ಟೇ. ಆದರೆ ಚಾನೊ ಅದರ ತಲೆ ಸವರುತ್ತ, "ಈ ಫಿರಂಗಿ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಹಾರಿದ್ದು. ಗುಂಡು ಸೀದಾ ಹೋಗಿ ನಮ್ಮ ಮುತ್ತಜ್ಜಿಯ ಕಡಲೆಸಾರಿನ ಪಾತ್ರೆಗೆ ಬಿತ್ತು. ಅವತ್ತಿನ ಸಾರು ಎಷ್ಟು ರುಚಿಯಾಗಿತ್ತು ಅಂದ್ರೆ, ಆಮೇಲೆ ಏಳು ವರ್ಷ ಅದೇ ಗುಂಡು ಹಾಕಿ ಕುದಿಸಿದ್ರು" ಎನ್ನುತ್ತಿದ್ದ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಸೆರ್ವಾಂದೊ ಬೆಹಾರಾನೊ ಹತ್ತು ಹೆಜ್ಜೆ ದೂರದಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ಅವನಿಗೆ ಐವತ್ತೊಂಬತ್ತು ವರ್ಷ. ಮೂವತ್ತೊಂದು ವರ್ಷದಿಂದ ಬಂದವರಿಗೆ ಊರು ತೋರಿಸುವುದೇ ಕೆಲಸ. ಪರೀಕ್ಷೆ ಬರೆದು ಪಡೆದ ಸರ್ಕಾರದ ಬಿಲ್ಲೆ ಕೊರಳಲ್ಲಿ, ಮಡಿಸಿದ ಹಸಿರು ಕೊಡೆ ಕೈಯಲ್ಲಿ. ಕೊಡೆ ಎತ್ತಿದರೆ ಜನ ಹಿಂದೆ ಬರಬೇಕು, ಇಳಿಸಿದರೆ ನಿಲ್ಲಬೇಕು. ಯಾವುದೇ ಇಸವಿ ಹೇಳುವ ಮುಂಚೆ ಅವನು ಎರಡು ಸಲ ಕೆಮ್ಮುತ್ತಿದ್ದ. ಆ ದಿನ ಸಾರಗೋಸಾದಿಂದ ಬಂದ ಇಪ್ಪತ್ತಾರು ಮಂದಿ ನಿವೃತ್ತ ಮೇಷ್ಟ್ರುಗಳು, ಟೀಚರಮ್ಮಂದಿರು ಅವನ ಪಾಲಿಗೆ ಬಂದಿದ್ದರು. ಅವರನ್ನು ಕ್ಯಾಥೆಡ್ರಲ್ ಎದುರು ನಿಲ್ಲಿಸಿ, ಎರಡು ಸಲ ಕೆಮ್ಮಿ, "ಮೊದಲ ಕಲ್ಲು ಇಟ್ಟದ್ದು ಸಾವಿರದ ಏಳುನೂರ ಇಪ್ಪತ್ತೆರಡರಲ್ಲಿ. ಕೆಲಸ ಮುಗಿದದ್ದು ಸಾವಿರದ ಎಂಟುನೂರ ಮೂವತ್ತೆಂಟರಲ್ಲಿ" ಎಂದು ಹೇಳಿ ತಿರುಗಿದರೆ, ಎದುರಿಗೆ ಒಂಬತ್ತು ಮಂದಿ ಇದ್ದರು. ಉಳಿದವರೆಲ್ಲ ಚೌಕದ ಮೂಲೆಯ ಫಿರಂಗಿಯ ಹತ್ತಿರ ಸೇರಿ, ಚಾನೊನ ಮುತ್ತಜ್ಜಿಯ ಸಾರು ಉಣ್ಣುತ್ತಿದ್ದರು.

ಚಾನೊ ಅವನನ್ನು ನೋಡಿ ಕೈಬೀಸಿದ. "ಏ ಸೆರ್ವಾಂದೊ, ಬಾರೋ ಇಲ್ಲಿ. ಈ ಕ್ಯಾಥೆಡ್ರಲ್ ಕಟ್ಟೋಕೆ ಎಷ್ಟು ವರ್ಷ ಹಿಡೀತು ಅಂತ ಇವರು ಕೇಳ್ತಿದಾರೆ. ನಾನು ಇನ್ನೂರು ಅಂದೆ."

"ನೂರ ಹದಿನಾರು."

"ನೋಡಿದ್ರಾ? ನಿಂತ ನಿಲುವಲ್ಲೇ ಎಂಬತ್ತನಾಲ್ಕು ವರ್ಷ ಉಳಿಸಿಬಿಟ್ಟ. ಆಗ ಇವನೇ ಮೇಸ್ತ್ರಿ ಆಗಿದ್ದಿದ್ರೆ ನಮ್ಮೂರವರಿಗೆ ಊಟದ ಮೇಲಿನ ನಿದ್ದೆನೇ ಇರ್ತಿರಲಿಲ್ಲ."

ಮತ್ತೆ ನಗು. ಅದರಲ್ಲಿ ಕೊಂಕೇನೂ ಇರಲಿಲ್ಲ, ನಿಜ. ಆದರೆ ಹೊಟ್ಟೆಕಿಚ್ಚಿನವನಿಗೆ ಕೊಂಕು ಯಾಕೆ ಬೇಕು? ನಗು ಇದ್ದರೆ ಸಾಕು. ಸಂಜೆ ಬಸ್ಸು ಹತ್ತುವ ಮುಂಚೆ ಒಬ್ಬ ಟೀಚರಮ್ಮ ಸೆರ್ವಾಂದೊನ ಕೈಕುಲುಕಿ, "ನೀವು ಎಷ್ಟು ತಿಳ್ಕೊಂಡಿದೀರಿ" ಎಂದಳು. ಅವನ ಮುಖ ಅರಳಿತು. ಆಕೆ ಮುಂದುವರಿಸಿ, "ನಾಳೆ ನಮಗೆ ಬಿಡುವಿದೆ. ಆ ಇನ್ನೊಬ್ಬರು ಎಷ್ಟು ಗಂಟೆಗೆ ಬರ್ತಾರೆ?" ಎಂದಳು.

ಇಬ್ಬರೂ ಹುಟ್ಟಿದ್ದು ಲಾ ವಿನ್ಯಾ ಕೇರಿಯ ಒಂದೇ ವಠಾರದಲ್ಲಿ. ಮಧ್ಯೆ ಅಂಗಳ, ಅಂಗಳದಲ್ಲಿ ಮಳೆನೀರಿನ ತೊಟ್ಟಿ, ಸುತ್ತ ಹದಿನಾಲ್ಕು ಸಂಸಾರ. ಬೇಸಗೆಯಲ್ಲಿ ಹುಡುಗರೆಲ್ಲ ಲಾ ಕಲೇತಾ ಕಡಲತೀರಕ್ಕೆ ಹೋಗಿ, ಕೋಟೆಗೆ ಹೋಗುವ ಕಲ್ಲುಸೇತುವೆಯ ಮೇಲಿಂದ ನೀರಿಗೆ ಹಾರುತ್ತಿದ್ದರು. ಉಬ್ಬರ ಎಷ್ಟಿದೆ, ಬಂಡೆ ಎಲ್ಲಿದೆ, ಕೆಳಗೆ ಎಷ್ಟು ಆಳ ಎಂಬುದು ಸೆರ್ವಾಂದೊನಿಗೆ ಕರಾರುವಾಕ್ಕಾಗಿ ಗೊತ್ತು. ಅವನು ಗೋಡೆಯ ಪಾಚಿಯ ಗೆರೆ ನೋಡಿ, "ಈಗ ಎರಡಾಳು" ಎನ್ನುತ್ತಿದ್ದ. ಚಾನೊ ತಲೆಕೆಳಗಾಗಿ ಹಾರುತ್ತಿದ್ದ. ದಡದಲ್ಲಿ ಇಸ್ಪೀಟು ಆಡುತ್ತ ಕೂತ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಯಾರಿಗೆಂದು ಹೇಳಬೇಕಾಗಿಲ್ಲ.

ಮುಂದೆ ಚಾನೊ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸಕ್ಕೆ ಸೇರಿದ, ಕೆಲಸ ಹೋಯಿತು, ಮದುವೆಯಾಗಲಿಲ್ಲ, ವಠಾರದಲ್ಲೇ ಉಳಿದ. ಹೊತ್ತು ಹೋಗದೆ ದಾರಿ ತಪ್ಪಿದ ಪ್ರವಾಸಿಗರಿಗೆ ದಾರಿ ತೋರಿಸುತ್ತ, ದಾರಿಗೊಂದು ಕತೆ ಕಟ್ಟುತ್ತ, ಐದಾರು ವರ್ಷದಲ್ಲಿ ಅದನ್ನೇ ಹವ್ಯಾಸ ಮಾಡಿಕೊಂಡ. ಬಿಲ್ಲೆ ಇಲ್ಲ, ಪರೀಕ್ಷೆ ಇಲ್ಲ. ಕೊನೆಗೆ ಯಾರಾದರೂ ಒಂದು ಲೋಟ ವೈನು, ಒಂದು ಸೀಗಡಿ ರೊಟ್ಟಿ ಕೊಡಿಸಿದರೆ ಅವನಿಗೆ ಸಾಕು. ಸೆರ್ವಾಂದೊ ಓದಿದ, ಬಿಲ್ಲೆ ಪಡೆದ, ಅದೇ ಕೇರಿಯ ರೆಗ್ಲಾಳನ್ನು ಮದುವೆಯಾಗಿ, ಊರಿನ ಹಳೆಯ ಕೋಟೆಬಾಗಿಲಿನ ಆಚೆ, ಲಿಫ್ಟ್ ಇರುವ ಮನೆಗೆ ಹೋದ. ಅದೇ ಅವನ ತಪ್ಪು. ಕೋಟೆಯ ಒಳಗಿರುವ ನಾವು ಬಾಗಿಲಿನ ಆಚೆಯವರನ್ನು ಬೆದುಯಿನ್, ಅಂದರೆ ಮರಳುಗಾಡಿನ ಅಲೆಮಾರಿ, ಎಂದು ರೇಗಿಸುತ್ತೇವೆ, ಅಲ್ಲಿಂದಾಚೆ ಮರುಭೂಮಿಯೇ ಎನ್ನುವ ಹಾಗೆ. "ಏನೋ ಬೆದುಯಿನ್, ಒಂಟೆ ಎಲ್ಲಿ ಕಟ್ಟಿದೆ?" ಎಂದು ಚಾನೊ ಕೇಳಿದಾಗಲೆಲ್ಲ ಸೆರ್ವಾಂದೊ ನಗುತ್ತಿದ್ದ. ನಗದೆ ಇರುವಂತಿಲ್ಲ. ಮನೆಗೆ ಹೋಗಿ ಮೈ ಪರಚಿಕೊಳ್ಳುತ್ತಿದ್ದ.

ಅವನ ಒಳಗೆ ಒಂದೇ ಒಂದು ಆಸೆ ಇತ್ತು, ಅದನ್ನು ಹೆಂಡತಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ಕಾರ್ನಿವಲ್‌ನಲ್ಲಿ ಅವನ ಮೇಲೆ ಒಂದು ಹಾಡು ಬರಬೇಕು. ನಮ್ಮೂರಿನಲ್ಲಿ ಫೆಬ್ರವರಿ ಬಂತೆಂದರೆ ಹತ್ತು ಹನ್ನೆರಡು ಜನರ ತಂಡಗಳು ವೇಷ ಹಾಕಿ, ಡೋಲು, ಗಿಟಾರು, ಪೀಪಿ ಹಿಡಿದು, ಮೂಲೆಮೂಲೆಯಲ್ಲಿ ನಿಂತು ಊರವರ ಮೇಲೆ ಕಟ್ಟಿದ ಪದ್ಯ ಹಾಡುತ್ತವೆ. ಈ ತಂಡಕ್ಕೆ ಚಿರಿಗೋತಾ ಅನ್ನುತ್ತಾರೆ. ಬೈದೇ ಹಾಡಲಿ, ಹೊಗಳಿಯೇ ಹಾಡಲಿ, ಹಾಡಿದರೆ ನೀನು ಊರಿಗೆ ಸೇರಿದವನು. ಬಿಷಪ್ ಮೇಲೆ ಹಾಡಿದ್ದಾರೆ, ಬೇಕರಿಯವನ ಮೇಲೆ ಹಾಡಿದ್ದಾರೆ, ಮೀನುಮಾರ್ಕೆಟ್ಟಿನ ಕುಂಟ ಬೆಕ್ಕಿನ ಮೇಲೆ ಎರಡು ವರ್ಷ ಹಾಡಿದ್ದಾರೆ. ಚಾನೊನ ಮೇಲಂತೂ ಲೆಕ್ಕವಿಲ್ಲ. ಊರನ್ನು ಮೂವತ್ತೊಂದು ವರ್ಷ ತೋರಿಸಿದವನ ಮೇಲೆ ಒಂದು ಸಾಲೂ ಇಲ್ಲ.

"ಬೆಕ್ಕಿಗಿಂತ ಕಡೆಯಾದೆನಾ?" ಎಂದು ಅವನು ರೆಗ್ಲಾಳನ್ನು ಕೇಳಿದ್ದುಂಟು.

"ಬೆಕ್ಕು ಇಸವಿ ಹೇಳಲ್ಲ ಕಣೋ" ಎಂದು ಅವಳು ನಕ್ಕಿದ್ದಳು. ರೆಗ್ಲಾ ಮೀನು ಕರಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ನಗು ಒಂದು ಬೀದಿಯಾಚೆಗೂ ಕೇಳಿಸುತ್ತಿತ್ತು. ಆ ನಗು ತನ್ನಿಂದ ಹುಟ್ಟಿದ್ದು ಕಡಿಮೆ ಎಂದು ಸೆರ್ವಾಂದೊನಿಗೆ ಗೊತ್ತಿತ್ತು.

ಆ ವರ್ಷ ನವೆಂಬರಿನಲ್ಲಿ ರೆಗ್ಲಾ ಒಂದು ತಂಡ ಸೇರಿದಳು. ಮಂಗಳವಾರ, ಗುರುವಾರ ಸಂಜೆ ಅಂಗಡಿಯಿಂದ ನೇರ ಹಳೆಯ ವಠಾರಕ್ಕೆ, ಚಾನೊನ ಮನೆಗೆ ಹೋಗುತ್ತಿದ್ದಳು. ಪದ್ಯ ಕಟ್ಟುವವನು ಚಾನೊ, ಹೊಲಿಯುವವಳು ಅವಳು. ವೇಷ ಏನೆಂಬುದನ್ನು ಕಾರ್ನಿವಲ್ ಭಾನುವಾರದ ತನಕ ಯಾರೂ ಬಾಯಿ ಬಿಡುವಂತಿಲ್ಲ. ಹೆಂಡತಿ ಗಂಡನಿಗೂ ಹೇಳುವುದಿಲ್ಲ. ಇದು ಊರಿನ ಕಟ್ಟುನಿಟ್ಟು.

"ಏನು ವೇಷ?" ಎಂದು ಸೆರ್ವಾಂದೊ ಕೇಳಿದ.

"ಹೇಳಿದ್ರೆ ನಾಲಿಗೆ ಬಿದ್ದುಹೋಗತ್ತೆ."

"ನಾನೇನು ಊರಿಗೆ ಡಂಗುರ ಹೊಡೀತೀನಾ?"

"ಡಂಗುರ ಹೊಡೆಯೋದೇ ಅಲ್ವಾ ನಿನ್ನ ಕೆಲ್ಸ?" ಎಂದು ಅವಳು ಅವನ ಮೂಗು ಹಿಂಡಿ ಹೊರಟಳು.

ಅವಳು ಮನೆಗೆ ಬಂದ ಮೇಲೂ ಪಾತ್ರೆ ತೊಳೆಯುತ್ತ ಒಬ್ಬಳೇ ಕಿಸಕ್ಕನೆ ನಗುತ್ತಿದ್ದಳು. ಏನೆಂದು ಕೇಳಿದರೆ "ಏನಿಲ್ಲ" ಎನ್ನುತ್ತಿದ್ದಳು. ಒಂದು ದಿನ ಸುಮ್ಮನೆ, "ನಿನ್ನ ಶರ್ಟಿನ ಕಾಲರ್ ಎಷ್ಟು?" ಎಂದು ಕೇಳಿದಳು. ಇನ್ನೊಂದು ದಿನ ಅವನು ಶೂ ಪಾಲಿಶ್ ಮಾಡುವುದನ್ನು ಕೆನ್ನೆಗೆ ಕೈಕೊಟ್ಟು ನೋಡುತ್ತ ಕೂತಳು. ಮೂವತ್ತು ವರ್ಷದಲ್ಲಿ ಅವನನ್ನು ಹಾಗೆ ನೋಡಿದವಳಲ್ಲ. ತಪ್ಪು ಮಾಡಿದವರು ಹಾಗೆ ನೋಡುತ್ತಾರೆ ಎಂದು ಸೆರ್ವಾಂದೊ ಲೆಕ್ಕ ಹಾಕಿದ. ಊರಿನ ಪ್ರತಿ ಕಲ್ಲಿನ ಅರ್ಥ ಬಲ್ಲವನಿಗೆ ಹೆಂಡತಿಯ ಮುಖ ಓದಲು ಬರಲಿಲ್ಲ.

ಜನವರಿಯ ಒಂದು ಗುರುವಾರ ಅವನು ವಠಾರದ ಕಡೆಗೇ ಹೋದ. ಅಂಗಳದ ಬಾಗಿಲು ತೆರೆದಿತ್ತು, ಚಾನೊನ ಕಿಟಕಿಯ ಪರದೆ ಅರ್ಧ ಸರಿದಿತ್ತು. ಒಳಗೆ ಚಾನೊ ಎರಡೂ ಕೈ ಅಗಲಿಸಿ ನಿಂತಿದ್ದ. ರೆಗ್ಲಾ ಟೇಪು ಹಿಡಿದು ಅವನ ಎದೆಯ ಸುತ್ತಳತೆ ತೆಗೆಯುತ್ತಿದ್ದಳು. ಚಾನೊ ಏನೋ ಅಂದ. ಅವಳು ಅವನ ಹೆಗಲಿಗೆ ಹಣೆ ಒರಗಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರ್ವಾಂದೊ ಕಿಟಕಿಯಿಂದ ಹಿಂದೆ ಸರಿದ. ಪ್ರವಾಸಿಗರನ್ನು ಕಿತ್ತುಕೊಂಡದ್ದಾಯಿತು, ಊರನ್ನು ಕಿತ್ತುಕೊಂಡದ್ದಾಯಿತು, ಈಗ ಇದೂ ಬೇಕಾಯಿತೇ ಇವನಿಗೆ? ಅವನು ಒಳಗೆ ಹೋಗಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಆದರೆ ಅವನು ನೀರಿಗೆ ಹಾರುವವನಲ್ಲ, ದಡದಲ್ಲಿ ನಿಂತು ಆಳ ನೋಡುವವನು.

ಮರುದಿನ ಬೆಳಗ್ಗೆ ರೆಗ್ಲಾ ಅಂಗಡಿಗೆ ಹೋದ ಮೇಲೆ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು, ಬಿಲ್ಲೆ ಕೊಡುವ ಸರ್ಕಾರಿ ಕಚೇರಿಗೊಂದು ಅರ್ಜಿ ಬರೆದ. ಇಂಥ ಬೀದಿಯ ಇಂಥ ವಠಾರದಲ್ಲಿರುವ ಇಂಥವನು ಬಿಲ್ಲೆಯಿಲ್ಲದೆ ಜನರನ್ನು ಸುತ್ತಿಸುತ್ತಿದ್ದಾನೆ, ತಡೆಯಬೇಕು. ಸಹಿ ಹಾಕಲಿಲ್ಲ. ಗುರುತು ಸಿಗಬಾರದೆಂದು ಟೈಪು ಮಾಡಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಇಂದಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಕೈ ನಿಲ್ಲಲಿಲ್ಲ. ಚಾನೊ ಹೇಳುವ ಹಸಿ ಸುಳ್ಳುಗಳು ಹನ್ನೊಂದನ್ನು ಸಾಲಾಗಿ ಬರೆದು, ಒಂದೊಂದರ ಎದುರಿಗೂ ಸರಿಯಾದ ಸಂಗತಿ, ಸರಿಯಾದ ಇಸವಿ ಟೈಪು ಮಾಡಿದ. ಕ್ಯಾಥೆಡ್ರಲ್ಲಿಗೆ ಹಿಡಿದದ್ದು ಇನ್ನೂರು ವರ್ಷವಲ್ಲ, ನೂರ ಹದಿನಾರು. ಫಿರಂಗಿಗಳನ್ನು ನೆಟ್ಟದ್ದು ಯಾಕೆ, ಕೋಟೆ ಯಾವಾಗ. ಟಪಾಲಿಗೆ ಹಾಕಿ ಬಂದು ಒಂದು ದಿನ ಹಗುರವಾಗಿದ್ದ.

ಹದಿನೈದು ದಿನದಲ್ಲಿ ಚಾನೊ ಬೀದಿಯಿಂದ ಮಾಯವಾದ. ಸೆರ್ವಾಂದೊನ ಗುಂಪಿನಿಂದ ಯಾರೂ ತಪ್ಪಿಸಿಕೊಳ್ಳಲಿಲ್ಲ. ಇಪ್ಪತ್ತಾರಕ್ಕೆ ಇಪ್ಪತ್ತಾರು ಜನ ಎದುರಿಗೆ ನಿಂತು ಆಕಳಿಸಿದರು. ಆ ವಾರವೇ ಚಾನೊ ಅವನನ್ನು ಕಾಫಿ ಅಂಗಡಿಯಲ್ಲಿ ಹಿಡಿದು, ಜೇಬಿನಿಂದ ಮಡಿಸಿದ ಕಾಗದ ತೆಗೆದು ಮುಂದಿಟ್ಟ. ಕಚೇರಿಯವರು ಅರ್ಜಿಯ ಪ್ರತಿಯನ್ನೂ ಸೇರಿಸಿ ಕಳಿಸಿದ್ದರು.

"ಯಾರೋ ನನ್ನ ಮೇಲೆ ಅರ್ಜಿ ಹಾಕಿದಾರೆ ಕಣೋ. ಇನ್ನು ಬಾಯಿ ಬಿಟ್ರೆ ದಂಡ ಅಂತೆ. ನೀನು ಓದಿದವನು, ಸ್ವಲ್ಪ ನೋಡಿ ಹೇಳು."

ಸೆರ್ವಾಂದೊ ತಾನೇ ಟೈಪು ಮಾಡಿದ ಸಾಲುಗಳನ್ನು ಮೊದಲ ಸಲ ನೋಡುವವನಂತೆ ಓದಿದ.

"ಬರೆದವನು ತುಂಬಾ ತಿಳಿದವನು, ಅಲ್ವಾ?" ಎಂದ ಚಾನೊ.

"ಹೌದು. ಬಹಳ ಅಚ್ಚುಕಟ್ಟಾಗಿದೆ" ಎಂದುಬಿಟ್ಟ ಸೆರ್ವಾಂದೊ. ಅಂಥ ಹೊತ್ತಿನಲ್ಲೂ ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಚಾನೊ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. "ನನಗೂ ಹಾಗೇ ಅನ್ನಿಸ್ತು" ಎಂದು ಹೇಳಿ ಕಾಫಿ ಕುಡಿದು ಹೋದ.

ಆಮೇಲೆ ರೆಗ್ಲಾ ಪಾತ್ರೆ ತೊಳೆಯುತ್ತ ನಗುವುದು ನಿಂತಿತು. ಸೆರ್ವಾಂದೊ ಅದನ್ನು ಚಾನೊನ ಮೇಲಿನ ಮರುಕ ಎಂದುಕೊಂಡು ಮತ್ತಷ್ಟು ಕುದಿದ. ಶನಿವಾರ ಅವಳು, "ನಾಳೆ ಮಧ್ಯಾಹ್ನ ಒಂದು ಗಂಟೆಗೆ ಅಂಚೆಕಚೇರಿ ಮೆಟ್ಟಿಲ ಹತ್ರ ಬಾ. ತಪ್ಪಿಸ್ಬೇಡ" ಎಂದಳು. ಅವನ ಮುಖವನ್ನೇ ನೋಡುತ್ತ, "ನನ್ನ ಹತ್ರ ಹೇಳೋದೇನಾದ್ರೂ ಇದೆಯಾ?" ಎಂದು ಕೇಳಿದಳು.

"ನನ್ನದೇನಿದೆ? ಹೇಳೋದೆಲ್ಲ ನಿಮ್ಮ ಕಡೆಯವರದ್ದೇ" ಎಂದ ಸೆರ್ವಾಂದೊ.

ಭಾನುವಾರ ಪೂರ್ವದ ಗಾಳಿ ಬೀಸುತ್ತಿತ್ತು. ಅಂಚೆಕಚೇರಿಯ ಎದುರಿನ ಹೂವಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆರ್ವಾಂದೊ ರೂಢಿಯಂತೆ ಕೊಡೆ ಹಿಡಿದೇ, ಜನರ ನಡುವೆ ಮೊಣಕೈ ತೂರಿಸಿ ಮುಂದಿನ ಸಾಲಿಗೆ ಬಂದ. ಒಂದು ಗಂಟೆಗೆ ಡೋಲು ಬಡಿಯಿತು, ಅಂಚೆಕಚೇರಿಯ ಕಂಬಗಳ ಹಿಂದಿನಿಂದ ತಂಡ ಹೊರಗೆ ಬಂತು.

ಹನ್ನೆರಡು ಜನ ಸೆರ್ವಾಂದೊಗಳು. ಹನ್ನೆರಡು ಇಸ್ತ್ರಿ ಶರ್ಟು, ಹನ್ನೆರಡು ಬಿಲ್ಲೆ, ಪಾಲಿಶ್ ಮಾಡಿದ ಇಪ್ಪತ್ತನಾಲ್ಕು ಶೂ, ಅವನ ಹಾಗೇ ತುದಿ ಕತ್ತರಿಸಿದ ಹನ್ನೆರಡು ಮೀಸೆ, ಹನ್ನೆರಡು ಹಸಿರು ಕೊಡೆ. ಎಲ್ಲರೂ ಒಟ್ಟಿಗೆ ಕೊಡೆ ಎತ್ತಿದರು, ಒಟ್ಟಿಗೆ ಎರಡು ಸಲ ಕೆಮ್ಮಿದರು. ಚೌಕ ನಗುವಿನಿಂದ ಬಿರಿಯಿತು. ಎಡಗಡೆಯಿಂದ ಮೂರನೆಯವಳು ರೆಗ್ಲಾ, ಮೂಗಿನ ಕೆಳಗೆ ಅಂಟಿಸಿದ ಗಂಡನ ಮೀಸೆ.

ಚಾನೊ ತನ್ನ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಗಿಟಾರು ಮೀಟಿ ಶುರು ಮಾಡಿದ:

"ಹಸಿರು ಕೊಡೆಯ ಎತ್ತಿದರೆ ಊರೇ ಸಾಲಲಿ ನಿಲ್ಲುತ್ತೆ,
ಎರಡು ಸಲ ಕೆಮ್ಮಿದರೆ ಇಸವಿ ಇಳಿದು ಬರುತ್ತೆ.
ಸೇತುವೆ ಮೇಲೆ ನಿಂತು ಅವನು ನೀರಿನ ಆಳ ಹೇಳಿದ,
ಅವನ ಮಾತ ನಂಬಿ ಹಾರಿ ನಾನು ಬದುಕಿ ಉಳಿದೆ."

ಪಕ್ಕದವರು ಸೆರ್ವಾಂದೊನನ್ನು ಗುರುತಿಸಿ ಬೆನ್ನು ತಟ್ಟಿದರು, ಯಾರೋ ಕೈಗೆ ವೈನಿನ ಲೋಟ ಕೊಟ್ಟರು. ಹಾಗಾದರೆ ಕಾಲರಿನ ಅಳತೆ ಇದಕ್ಕೆ. ಚಾನೊನ ಎದೆಯ ಅಳತೆ ತನ್ನ ಶರ್ಟಿಗೆ. ಹೆಗಲಿಗೆ ಹಣೆಯಿಟ್ಟು ನಕ್ಕದ್ದು ತನ್ನದೇ ಕೆಮ್ಮಿಗೆ. ಬದುಕಿನಲ್ಲಿ ಕೇಳಿದ್ದ ಒಂದೇ ಒಂದು ವಸ್ತುವನ್ನು ಇವರು ಮೂರು ತಿಂಗಳು ಕೂತು ಹೊಲಿದಿದ್ದರು. ಅವನು ಟೈಪು ಮಾಡಿದ ಕಾಗದ ನೆನಪಿಗೆ ಬಂದು, ಬಾಯಲ್ಲಿದ್ದ ವೈನು ಕಹಿಯಾಯಿತು.

ನಾಲ್ಕು ಪದ್ಯ ಆಯಿತು, ಐದಾಯಿತು. ಕೊನೆಯ ಪದ್ಯಕ್ಕೆ ಚಾನೊ ಒಂದು ಮೆಟ್ಟಿಲು ಕೆಳಗಿಳಿದ. ರೆಗ್ಲಾ ತುಟಿ ಬಿಗಿದು ನಿಂತಳು, ಅವಳು ಹಾಡಲಿಲ್ಲ.

"ಇಸವಿ ತಿದ್ದಿ ಪುಣ್ಯಾತ್ಮನೊಬ್ಬ ಕಾಗದ ಬರೆದ, ಹೆಸರ ಹಾಕಿಲ್ಲ,
ನಮ್ಮ ಚಾನೊನ ಬಾಯಿಗೆ ಬೀಗ, ಕೀಲಿ ಯಾರಲ್ಲೋ ಗೊತ್ತಿಲ್ಲ.
ಹೋಗಲಿ ಬಿಡಿ, ಕ್ಯಾಥೆಡ್ರಲ್ ಇದೆ, ಮೊದಲ ಕಲ್ಲು ಬಿದ್ದದ್ದು
ಸಾವಿರದ ಏಳುನೂರ ಇಪ್ಪತ್ತೈದರಲ್ಲಿ."

ಡೋಲು ನಿಂತಿತು. ಎತ್ತಿದ ಕೊಡೆಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಕೊಡೆ ಇಳಿದರೆ ನಿಲ್ಲಬೇಕು. ಚೌಕವೆಲ್ಲ ನಿಂತಿತು.

ಇದು ಬೋನು, ಇಸವಿ ತಿದ್ದಿದವನೇ ಕಾಗದ ಬರೆದವನು ಎಂದಾಗುತ್ತದೆ ಎಂದು ಸೆರ್ವಾಂದೊನಿಗೆ ಕೂಡಲೇ ಗೊತ್ತಾಯಿತು. ಸುಮ್ಮನಿದ್ದರೆ ಮುಗಿಯಿತು. ನೂರಾರು ಜನರಲ್ಲಿ ಒಬ್ಬನಾಗಿ, ವೈನು ಕುಡಿಯುತ್ತ ಸುಮ್ಮನಿರಬೇಕು. ರೆಗ್ಲಾ ಅವನನ್ನೇ ನೋಡುತ್ತಿದ್ದಳು, ತಲೆಯನ್ನು ಬೇಡ ಬೇಡ ಎನ್ನುವಂತೆ ತುಸುವೇ ಆಡಿಸುತ್ತಿದ್ದಳು. ಅವನು ಹಲ್ಲು ಕಚ್ಚಿದ. ಇಪ್ಪತ್ತೈದು ಎಂಬ ಆ ಅಂಕಿ, ಅಷ್ಟು ಜನರ ಕಿವಿಯಲ್ಲಿ, ತಿದ್ದದೆ ಹಾಗೇ ಉಳಿದಿತ್ತು. ಅವನ ಗಂಟಲು ತಾನಾಗಿ ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು.

"ಇಪ್ಪತ್ತೆರಡು" ಎಂದ ಸೆರ್ವಾಂದೊ.

ಚೌಕದ ಈ ತುದಿಯಿಂದ ಆ ತುದಿಯವರೆಗೆ ನಗು ಹಬ್ಬಿತು, ಅದರ ಹಿಂದೆಯೇ ಚಪ್ಪಾಳೆ. ಅಷ್ಟು ಜನ ಅವನಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಅವನೂ ನಕ್ಕ. ನಮ್ಮೂರಿನಲ್ಲಿ ಹಾಡಿಸಿಕೊಂಡವನು ನಗಬೇಕು, ಬೇರೆ ದಾರಿಯಿಲ್ಲ.

ಚಾನೊ ಗಿಟಾರು ಬೆನ್ನಿಗೆ ಸರಿಸಿ ಹತ್ತಿರ ಬಂದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಚಿಕ್ಕವನಿದ್ದಾಗ ನಿನ್ನ ಬಾಯಿ ಮುಚ್ಚೋಕೆ ಆಗ್ಲಿಲ್ಲ, ಈಗ ಆಗತ್ತಾ" ಎಂದ. "ಕಾಗದ ನಿಂದೇ ಅಂದ್ರೆ ಇವಳು ಮಾತ್ರ ಕೇಳ್ಲೇ ಇಲ್ಲ ಮಾರಾಯ. ಈ ಪದ್ಯ ಹಾಕು, ಬರೆದವನು ಅವನಲ್ಲ, ಬಾಯಿ ಬಿಡಲ್ಲ, ನೋಡ್ತಾ ಇರು ಅಂದ್ಲು."

ರೆಗ್ಲಾ ಮೆಟ್ಟಿಲಿಳಿದು ಬಂದಳು. ಬೆರಳಿನಿಂದ ಮೀಸೆಯ ತುದಿ ಹಿಡಿದು ನಿಧಾನವಾಗಿ ಕಿತ್ತಳು, ಮೇಲ್ದುಟಿ ಕೆಂಪಗಾಯಿತು.

"ಹನ್ನೊಂದು ತಪ್ಪು ಬರ್ದಿದ್ದೆಯಲ್ಲ" ಎಂದಳು. "ಹನ್ನೆರಡನೇದು ನಂದು. ಈ ಕಾಗದ ನನ್ನ ಗಂಡ ಬರ್ದಿದ್ದಲ್ಲ ಅಂತ ತಂಡದವರೆಲ್ಲರ ಮುಂದೆ ನಾನು ಆಣೆ ಮಾಡಿದ್ದೆ."

ಮುಂದಿನ ಬೀದಿಯಲ್ಲಿ ಜನ ಕಾಯುತ್ತಿದ್ದರು, ಡೋಲಿನವನು ಕರೆದ. ರೆಗ್ಲಾ ತನ್ನ ಕೈಯ ಕೊಡೆಯನ್ನು ಅವನ ಕೈಗಿಟ್ಟು ಹಿಂದಿರುಗಿ ಹೋದಳು. ಬರಿಗೈಯಲ್ಲಿ ಹೊರಟ ಅವಳಿಗೆ ಚಾನೊ ತನ್ನ ಕೊಡೆ ಕೊಟ್ಟ, ಏನೋ ಹೇಳಿದ, ಅವಳು ಕಣ್ಣೊರೆಸಿಕೊಂಡು ನಕ್ಕಳು. ಎರಡು ಕೊಡೆ ಹಿಡಿದು ನಿಂತ ಸೆರ್ವಾಂದೊ ಅದನ್ನೂ ನೋಡಿದ.